ಹಾಸ್ಟೆಲಿನ ಅನ್ನದ ಋಣ



ಬೇಸಗೆ ರಜೆಯಲ್ಲಿ, ಇಲ್ಲವೇ ಸಂಕ್ರಾಂತಿಯ ಆಸುಪಾಸಿನಲ್ಲಿ ಆಲೂರಿಗೋ ಆದೋನಿಗೋ ಹೋದಾಗ ರಸ್ತೆಯ ಮಗ್ಗುಲಲ್ಲಿ ಒಂದು ಬಗೆಯ ಫ್ಲೆಕ್ಸ್ ಬೋರ್ಡನ್ನು ನೀವು ಕಂಡೇ ಇರುತ್ತೀರಿ. "ಪೂರ್ವ ವಿದ್ಯಾರ್ಥುಲ ಆತ್ಮೀಯ ಸಮ್ಮೇಳನಂ" ಎಂದು ದಪ್ಪ ಅಕ್ಷರ. ಅದರ ಕೆಳಗೆ ಯಾವ ವರ್ಷ ಹತ್ತನೆಯ ತರಗತಿ ಮುಗಿಸಿದವರು ಎಂಬ ವಿವರ. ಆಮೇಲೆ ಸಾಲುಸಾಲು ಮುಖಗಳು. ಹಗರಿ ದಾಟಿ ಬಳ್ಳಾರಿಯ ಕಡೆ ಹೋದರೆ ಅದೇ ಸಮಾರಂಭಕ್ಕೆ "ಗುರುವಂದನಾ ಕಾರ್ಯಕ್ರಮ" ಎಂದು ಹೆಸರು. ಹೆಸರು ಎರಡಾದರೂ ನಡೆಯುವುದು ಒಂದೇ. ಇಪ್ಪತ್ತು ಮೂವತ್ತು ವರ್ಷಗಳ ಮೇಲೆ ಗೆಳೆಯರು ಕೂಡುತ್ತಾರೆ, ಮುಪ್ಪಾದ ಗುರುಗಳಿಗೆ ಶಾಲು ಹೊದಿಸುತ್ತಾರೆ, ಒಬ್ಬರ ಬೋಳುತಲೆ ನೋಡಿ ಇನ್ನೊಬ್ಬರು ನಗುತ್ತಾರೆ, ಒಟ್ಟಿಗೆ ಊಟ ಮಾಡಿ ಫೋಟೋ ತೆಗೆಸಿಕೊಂಡು ಸಂಜೆಯ ಬಸ್ಸು ಹತ್ತುತ್ತಾರೆ.

ಇದನ್ನು ಹಳಿಯುವ ಉದ್ದೇಶ ನನಗಿಲ್ಲ. ಗುರುಗಳ ಕಣ್ಣಲ್ಲಿ ಆ ದಿನ ಬರುವ ನೀರಿಗೆ ಬೆಲೆ ಕಟ್ಟಲಾಗದು. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಹಾಗೆ ಕೂಡಿದವರಲ್ಲಿ ಅನೇಕರು ಹಾಸ್ಟೆಲಿನಲ್ಲಿ ಉಂಡು ಓದಿದವರು. ಸಮಾರಂಭ ಮುಗಿದ ಮರುದಿನ ಬೆಳಿಗ್ಗೆ ಆ ಹಾಸ್ಟೆಲಿನಲ್ಲಿ ತಾಟು ಹಿಡಿದು ಸಾಲಿನಲ್ಲಿ ನಿಂತ ಹುಡುಗನಿಗೆ ಅದರಿಂದ ಏನು ದೊರೆಯಿತು? ಇವತ್ತಿನ ಮಾತು ಈ ಪ್ರಶ್ನೆಯನ್ನು ಕುರಿತದ್ದು.

ಮೊದಲು ದೂರದ ಒಂದು ಸಂಗತಿ ಹೇಳಿ ಆಮೇಲೆ ಊರಿಗೆ ಬರೋಣ. ಅಮೆರಿಕದ ಕಾಲೇಜುಗಳಲ್ಲಿ 'ಫ್ರೆಟರ್ನಿಟಿ' ಎಂಬ ವಿದ್ಯಾರ್ಥಿ ಕೂಟಗಳಿವೆ. ಆ ಮಾತಿಗೆ ಅಣ್ಣತಮ್ಮಂದಿರ ಬಳಗ ಎಂದು ಅರ್ಥ. ಗ್ರೀಕ್ ಅಕ್ಷರಗಳನ್ನು ಕೂಡಿಸಿ ಅವಕ್ಕೆ ಹೆಸರಿಡುವುದು ವಾಡಿಕೆ. ಹೀಗೆ ಹೆಸರಿಟ್ಟುಕೊಂಡ ಮೊದಲ ಕೂಟ 'ಫೈ ಬೀಟಾ ಕಪ್ಪಾ'. ಅದು 1776ರಲ್ಲಿ ವರ್ಜೀನಿಯಾದ ಒಂದು ಕಾಲೇಜಿನಲ್ಲಿ ಹುಟ್ಟಿತು. ಮುಂದೆ ಹುಟ್ಟಿದ ಕೂಟಗಳು ಒಂದೊಂದು ಕಾಲೇಜಿನಲ್ಲೂ ಶಾಖೆ ತೆರೆದವು, ಶಾಖೆಗೊಂದು ಮನೆ ಮಾಡಿಕೊಂಡವು. ಹುಡುಗರು ಅಲ್ಲೇ ಇದ್ದು, ಅಲ್ಲೇ ಉಂಡು ಓದುತ್ತಾರೆ. ಅನೇಕ ಕಡೆ ಆ ಮನೆಯ ಒಡೆತನ ಇರುವುದು ಕಾಲೇಜಿನ ಕೈಯಲ್ಲಲ್ಲ, ಓದಿ ಹೊರಗೆ ಹೋದ ಹಳಬರು ಕಟ್ಟಿಕೊಂಡ ಸಂಘದ ಕೈಯಲ್ಲಿ. ಸೂರು ಸೋರಿದರೆ ದುರಸ್ತಿ ಮಾಡಿಸುವವರು, ಲೆಕ್ಕ ನೋಡುವವರು, ಹೊಸಬರಿಗೆ ವಿದ್ಯಾರ್ಥಿವೇತನ ಕೂಡಿಸುವವರು ಈ ಹಳಬರೇ. ಆ ಕೂಟಗಳಲ್ಲಿ ದೋಷಗಳೂ ಉಂಟು. ಸಿರಿವಂತರ ಮಕ್ಕಳ ಜಂಬ, ಹೊಸಬರನ್ನು ಹಿಂಸಿಸುವ ಕೆಟ್ಟ ಚಾಳಿ, ತಮ್ಮವರಲ್ಲದವರಿಗೆ ಬಾಗಿಲು ಮುಚ್ಚುವುದು, ಇವುಗಳಿಂದ ಅವು ಹೆಸರು ಕೆಡಿಸಿಕೊಂಡಿವೆ. ಅದೇನೇ ಇರಲಿ, ಓದು ಮುಗಿದ ಮೇಲೂ ಆ ಮನೆಯ ಜವಾಬ್ದಾರಿ ನಮ್ಮದು ಎಂಬ ಏರ್ಪಾಡು ಗಮನಿಸತಕ್ಕದ್ದು.

ನಮ್ಮಲ್ಲಿ ಅಂಥ ಗ್ರೀಕ್ ಹೆಸರಿನ ಮನೆಗಳಿಲ್ಲ. ಆದರೆ ಅಣ್ಣತಮ್ಮಂದಿರಂತೆ ಒಂದೇ ಜಮಖಾನದ ಮೇಲೆ ಮಲಗಿ, ಒಂದೇ ಲಾಟೀನಿನ ಸುತ್ತ ಓದಿದ ಮನೆ ನಮಗೂ ಇತ್ತು. ಅದೇ ವಿದ್ಯಾರ್ಥಿನಿಲಯ, ನಮ್ಮ ಬಾಯಲ್ಲಿ ಹಾಸ್ಟೆಲು.

ಹಾಸ್ಟೆಲಿಗಿಂತ ಹಿಂದೆ ಇದ್ದದ್ದು ವಾರಾನ್ನ. ತೆಲುಗಿನವರು ಇದನ್ನು 'ವಾರಾಲು' ಎನ್ನುತ್ತಾರೆ. ಪೇಟೆಗೆ ಓದಲು ಬಂದ ಬಡ ಹುಡುಗನಿಗೆ ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ವಾರಕ್ಕೆ ಏಳು ಮನೆಯ ಊಟ. ಒಂದು ಮನೆ ತಪ್ಪಿದರೆ ಆ ದಿನ ನೀರೇ ಗತಿ. ಹೀಗೆ ಓದಿ ಮೇಲೆ ಬಂದ ವಕೀಲರು, ಮೇಷ್ಟರು, ಅಮಲ್ದಾರರು ಹಳೆಯ ಮೈಸೂರು ಸೀಮೆಯಲ್ಲೂ ಮದ್ರಾಸ್ ಪ್ರಾಂತದಲ್ಲೂ ಲೆಕ್ಕವಿಲ್ಲದಷ್ಟು. ಅವರಲ್ಲಿ ಅನೇಕರು ತಮಗೆ ಸಂಬಳ ಬರತೊಡಗಿದ ಮೇಲೆ ಮನೆಯಲ್ಲಿ ಒಬ್ಬಿಬ್ಬರು ವಾರದ ಹುಡುಗರನ್ನು ಇಟ್ಟುಕೊಂಡರು. ತಮಗೆ ಅನ್ನವಿಟ್ಟ ತಾಯಿಗೆ ಅವರು ಅಕ್ಕಿ ಹಿಂದಕ್ಕೆ ಕಳಿಸಲಿಲ್ಲ. ಕಳಿಸಿದ್ದರೆ ಆ ತಾಯಿಗೆ ಅದು ಅವಮಾನವೇ ಆಗುತ್ತಿತ್ತು. ಬೇರೆ ಹುಡುಗನಿಗೆ ಎಡೆ ಹಾಕಿದರು. ಈ ಋಣ ತಿರುಗಿ ಹೋಗುವುದಿಲ್ಲ, ಮುಂದಕ್ಕೆ ಹೋಗುತ್ತದೆ.

ವಾರಾನ್ನಕ್ಕೆ ಒಂದು ಮಿತಿಯಿತ್ತು. ಎಲ್ಲ ಜಾತಿಯ ಹುಡುಗರಿಗೂ ಆ ಬಾಗಿಲು ತೆರೆಯುತ್ತಿರಲಿಲ್ಲ. ಆದ್ದರಿಂದ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಒಂದೊಂದು ಸಮುದಾಯವೂ ತನ್ನ ಮಕ್ಕಳಿಗೆಂದು ನಿಲಯ ಕಟ್ಟಲು ಹೊರಟಿತು. ಕೊಲ್ಹಾಪುರದಲ್ಲಿ ಶಾಹು ಮಹಾರಾಜರು 1901ರಿಂದ ಮುಂದಕ್ಕೆ ಮರಾಠರಿಗೆ, ಜೈನರಿಗೆ, ಲಿಂಗಾಯತರಿಗೆ, ಮುಸಲ್ಮಾನರಿಗೆ, ಅಸ್ಪೃಶ್ಯರೆನಿಸಿಕೊಂಡವರಿಗೆ ಬೇರೆ ಬೇರೆ ಬೋರ್ಡಿಂಗುಗಳನ್ನು ತೆರೆಸಿದರು. ಬೆಂಗಳೂರಿನಲ್ಲಿ ಗುಬ್ಬಿ ತೋಟದಪ್ಪನವರು ರೈಲು ನಿಲ್ದಾಣದ ಎದುರು ಕಟ್ಟಿಸಿದ ಛತ್ರ 1903ರಲ್ಲಿ ಆರಂಭವಾಯಿತು. ಅವರ ಧರ್ಮಸಂಸ್ಥೆಯಿಂದಲೇ ಉಚಿತ ವಿದ್ಯಾರ್ಥಿನಿಲಯವೂ ನಡೆಯಿತು. ನಮಗೆ ಹತ್ತಿರದ ಬಳ್ಳಾರಿಯಲ್ಲಿ ವೀರಶೈವ ವಿದ್ಯಾವರ್ಧಕ ಸಂಘ 1916ರಲ್ಲಿ ಹುಟ್ಟಿ, 1945ರಲ್ಲಿ ವೀರಶೈವ ಕಾಲೇಜನ್ನು ತೆರೆಯಿತು.

ಆ ಕಾಲದಲ್ಲಿ ಹಾಲಹರವಿಯ ಹುಡುಗನಿಗೆ ಬಳ್ಳಾರಿ ಪರಊರೇನೂ ಆಗಿರಲಿಲ್ಲ, ಅದು ಅವನ ಜಿಲ್ಲೆಯ ಪಟ್ಟಣ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆಲೂರು, ಆದೋನಿ, ರಾಯದುರ್ಗ ತಾಲೂಕುಗಳು ಅತ್ತ ಸೇರಿದವು, ಬಳ್ಳಾರಿ ಮತ್ತು ಉಳಿದ ತಾಲೂಕುಗಳು ಮೈಸೂರಿಗೆ ಬಂದವು. ಆಲೂರು, ಆದೋನಿ ಕರ್ನೂಲು ಜಿಲ್ಲೆಯವಾದವು. ನೆಂಟಸ್ತಿಕೆ, ಸಂತೆ, ಆಸ್ಪತ್ರೆ ಎಲ್ಲ ಬಳ್ಳಾರಿಯಲ್ಲೇ ಉಳಿದು, ಸರ್ಟಿಫಿಕೇಟು ಮಾತ್ರ ಬೇರೆ ರಾಜ್ಯದ್ದಾಯಿತು. ಅಂದಿನಿಂದ ಗಡಿಯ ನಮ್ಮ ಹುಡುಗನಿಗೆ ಹಾಸ್ಟೆಲಿನ ಸೀಟು ಕೇಳುವಾಗ ಒಂದು ತೊಡಕು ಹೆಚ್ಚು. ಅಲ್ಲಿ "ನೀನು ಆಂಧ್ರದವನು" ಎನ್ನುತ್ತಾರೆ, ಇಲ್ಲಿ "ನೀನು ಕನ್ನಡ ಮೀಡಿಯಮ್ಮಿನವನು" ಎನ್ನುತ್ತಾರೆ.

ಹಾಸ್ಟೆಲಿನ ಅನ್ನ ಉಂಡ ಒಬ್ಬ ಹುಡುಗ ಏನಾಗಬಲ್ಲ ಎಂಬುದಕ್ಕೆ ಎರಡು ಬದುಕುಗಳನ್ನು ನೆನೆಯೋಣ. ಎರಡೂ ನೀವು ಕೇಳಿರುವ ಹೆಸರುಗಳೇ. ಈ ಕಣ್ಣಿನಿಂದ ನೋಡಿರಲಾರಿರಿ, ಅಷ್ಟೇ.

1927ರಲ್ಲಿ ಮಾಗಡಿ ತಾಲೂಕಿನ ವೀರಾಪುರದ ಶಿವಣ್ಣ ಎಂಬ ತರುಣ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಸೇರಿದ. ಇರಲು ಜಾಗ ದೊರೆತದ್ದು ಈಗ ಹೇಳಿದ ತೋಟದಪ್ಪನವರ ನಿಲಯದಲ್ಲಿ. ತೋಟದಪ್ಪನವರು ತೀರಿಕೊಂಡದ್ದು 1910ರಲ್ಲಿ. ಕೊಟ್ಟವರನ್ನು ಉಂಡವನು ಕಣ್ಣಲ್ಲಿ ಕಂಡದ್ದೇ ಇಲ್ಲ ಎಂದಾಯಿತು. 1930ರಲ್ಲಿ ಆ ಶಿವಣ್ಣ ಸಿದ್ಧಗಂಗಾ ಮಠದ ಉತ್ತರಾಧಿಕಾರಿಯಾಗಿ ಶಿವಕುಮಾರ ಸ್ವಾಮಿಗಳಾದರು, 1941ರಲ್ಲಿ ಮಠದ ಪೂರ್ತಿ ಹೊಣೆ ಹೊತ್ತರು. ಅನ್ನ, ಅಕ್ಷರ, ಆಶ್ರಯ ಎಂಬ ಮೂರು ದಾಸೋಹವನ್ನು ಜಾತಿ ಕೇಳದೆ ನಡೆಸಿದರು. 2019ರ ಜನವರಿ 21ರಂದು ಅವರು ಲಿಂಗೈಕ್ಯರಾದಾಗ ಅಲ್ಲಿ ಉಂಡು ಓದುತ್ತಿದ್ದ ಮಕ್ಕಳ ಸಂಖ್ಯೆ ಹತ್ತು ಸಾವಿರದ ಹತ್ತಿರ. ಆ ಒಲೆಗೆ ಬೇಕಾದ ರಾಗಿ, ಅಕ್ಕಿ, ಬೇಳೆಗಳಲ್ಲಿ ಬಹುಪಾಲು ಬಂದದ್ದು ದೊಡ್ಡ ಕಾರ್ಖಾನೆಗಳಿಂದಲ್ಲ, ಸುಗ್ಗಿಯಲ್ಲಿ ಒಂದಿಷ್ಟು ಎತ್ತಿಟ್ಟ ಹಳ್ಳಿಯವರಿಂದ. ಅವರಲ್ಲಿ ಮಠದಲ್ಲಿ ಓದಿದವರು, ಓದಿದವರ ತಂದೆತಾಯಿಗಳು ಬಹಳ ಜನ.

ಇನ್ನೊಬ್ಬರು ಡಾ. ಎಚ್. ನರಸಿಂಹಯ್ಯನವರು. ಗೌರಿಬಿದನೂರು ತಾಲೂಕಿನ ಹೊಸೂರಿನವರು, 1920ರಲ್ಲಿ ಹುಟ್ಟಿದವರು. ಆ ಸೀಮೆಯೂ ನಮ್ಮಂತೆಯೇ, ಒಂದೇ ಮನೆಯೊಳಗೆ ಕನ್ನಡ ತೆಲುಗು ಎರಡೂ ಆಡುವ ಸೀಮೆ. 1935ರಲ್ಲಿ ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಸೇರಬೇಕೆಂದಾಗ ರೈಲಿಗೆ ದುಡ್ಡಿರಲಿಲ್ಲ. ಎಂಬತ್ತಕ್ಕೂ ಹೆಚ್ಚು ಕಿಲೋಮೀಟರನ್ನು ಎರಡು ದಿನ ನಡೆದು ಮುಟ್ಟಿದರು. ಬಡ ಹುಡುಗರಿಗಾಗಿ ನಡೆಯುತ್ತಿದ್ದ ನಿಲಯದ ಆಸರೆಯಲ್ಲಿ ಓದಿದರು. 1942ರ ಚಳವಳಿಯಲ್ಲಿ ಓದು ಬಿಟ್ಟು ಜೈಲಿಗೆ ಹೋದರು, ಬಂದು ಮತ್ತೆ ಓದಿದರು. 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲೇ ಅಧ್ಯಾಪಕರಾದರು. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಹಿಂತಿರುಗಿದರು, ಪ್ರಿನ್ಸಿಪಾಲರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯೂ ಆದರು. ಆದರೂ ಐವತ್ತು ವರ್ಷಕ್ಕೂ ಮಿಕ್ಕಿ ಅವರ ವಿಳಾಸ ಬದಲಾಗಲಿಲ್ಲ: ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆ. 2005ರ ಜನವರಿ 31ರಂದು ತೀರಿಕೊಳ್ಳುವವರೆಗೂ ಅವರು ಹಾಸ್ಟೆಲಿನವರೇ. ಓದಿಸಿದ ಸಂಸ್ಥೆಗೆ ಕೊಡುವುದನ್ನು ಅವರು ಬೆಂಗಳೂರಿಗಷ್ಟೇ ಮುಗಿಸಲಿಲ್ಲ. ಗೌರಿಬಿದನೂರಿನಲ್ಲಿ, ಆಂಧ್ರದ ಅಂಚಿನ ಬಾಗೇಪಲ್ಲಿಯಲ್ಲಿ ನ್ಯಾಷನಲ್ ಕಾಲೇಜುಗಳು ಏಳುವಂತೆ ಮಾಡಿದರು. ಹುಟ್ಟೂರು ಹೊಸೂರಿಗೂ ಹೈಸ್ಕೂಲು ಬಂತು. ತಾನು ನಡೆದ ದೂರವನ್ನು ಮುಂದಿನವನು ನಡೆಯಬಾರದು ಎಂಬುದೇ ಅದರ ಹಿಂದಿನ ಲೆಕ್ಕವೆಂದು ನನಗೆ ತೋರುತ್ತದೆ.

ಇವರಿಬ್ಬರೂ ದೊಡ್ಡವರು, ನಮ್ಮಿಂದ ಅಷ್ಟೆಲ್ಲ ಆದೀತೇ ಎಂದು ನೀವು ಕೇಳಬಹುದು. ಸಣ್ಣ ಸಣ್ಣ ಮೊತ್ತ ಕೂಡಿಸಿದವರ ಕಥೆಯೂ ಇದೆ. 1883ರಲ್ಲಿ ಧಾರವಾಡದಲ್ಲಿ ಗಿಲಗಂಚಿ ಗುರುಸಿದ್ದಪ್ಪನವರು, ಅರಟಾಳ ರುದ್ರಗೌಡರು ಮುಂದಾಗಿ ಲಿಂಗಾಯತ ವಿದ್ಯಾರ್ಥಿಗಳ ನೆರವಿಗೆ ಒಂದು ನಿಧಿ ಕೂಡಿಸಿದರು. 1906ರಲ್ಲಿ ತೀರಿಕೊಂಡ ಶಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯೆಗೆಂದು ಮೃತ್ಯುಪತ್ರ ಬರೆದಿಟ್ಟರು. ಹೀಗೆ ಓದಿಗೆ ಆಸರೆ ಸಿಕ್ಕ ಸೀಮೆಯಲ್ಲಿ ಒಂದು ಹೊಸ ತಲೆಮಾರು ಎದ್ದುಬಂತು. 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಏಳು ಮಂದಿ ಎಳೆಯ ಶಿಕ್ಷಕರು ಸೇರಿ ಕರ್ನಾಟಕ ಲಿಂಗಾಯತ ಎಜುಕೇಷನ್ ಸೊಸೈಟಿಯನ್ನು, ಎಂದರೆ ಇಂದಿನ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದರು. ಜನ ಅವರನ್ನು ಸಪ್ತರ್ಷಿಗಳೆಂದು ಕರೆದರು. ಅವರ ಸಂಸ್ಥೆಯ ಮೊದಲ ಶಾಲೆಗೆ ಗಿಲಗಂಚಿ ಅರಟಾಳರ ಹೆಸರು ಬಂತು, 1933ರಲ್ಲಿ ತೆರೆದ ಕಾಲೇಜಿಗೆ ಲಿಂಗರಾಜರ ಹೆಸರು ಬಂತು. ಕೊಟ್ಟವರು ಕಲ್ಲಿನ ಮೇಲೆ ಹೆಸರು ಕೆತ್ತಿಸಿ ಹೋಗಿರಲಿಲ್ಲ, ಮುಂದಿನವರು ನೆನೆದು ಇಟ್ಟರು. ಈಗ ನೋಡಿ, ಶಾಲೆಯ ಬಾಗಿಲಿಗೆ ಒಂದು ಕಮಾನು ಕಟ್ಟಿಸಿ, ಅದರ ಮೇಲೆ ನಲವತ್ತು ಜನ ದಾನಿಗಳ ಹೆಸರು ಬರೆಸುತ್ತೇವೆ. ಒಳಗೆ ಹುಡುಗಿಯರ ಕಕ್ಕಸಿಗೆ ಬಾಗಿಲಿರುವುದಿಲ್ಲ.

ಇನ್ನು ನಮ್ಮ ಕಡೆಯ ಮಾತಿಗೆ ಬರೋಣ.

ಹಾಲಹರವಿ, ಹೊಳಗುಂದ, ಕೌತಾಳಂ, ಕೋಸಿಗಿ ಮಂಡಲಗಳಲ್ಲಿ ಹಾಸ್ಟೆಲೆಂದರೆ ಬರೀ ಸೌಕರ್ಯವಲ್ಲ. ಮುಂಗಾರಿನ ಬೆಳೆ ಮುಗಿದ ಮೇಲೆ ನಮ್ಮ ಊರುಗಳ ಎಷ್ಟೋ ಮನೆಗಳಿಗೆ ಬೀಗ ಬೀಳುವುದು ನಿಮಗೆ ಗೊತ್ತು. ಗುಂಟೂರು ಸೀಮೆಗೆ ಮೆಣಸಿನಕಾಯಿ ಬಿಡಿಸಲು, ಹತ್ತಿ ಬಿಡಿಸಲು ಗಂಟುಮೂಟೆ ಕಟ್ಟಿಕೊಂಡು ಲಾರಿ ಹತ್ತುತ್ತಾರೆ. ಕೆಲವರು ಸಂಕ್ರಾಂತಿಗೆ ಮುಂಚೆ, ಕೆಲವರು ಆಮೇಲೆ. ಮರಳುವುದು ಯುಗಾದಿಯ ಹೊತ್ತಿಗೆ. ಹತ್ತನೆಯ ತರಗತಿಯ ಪರೀಕ್ಷೆ ನಡೆಯುವುದು ಮಾರ್ಚಿಯಲ್ಲಿ. ಅಪ್ಪ ಅವ್ವ ಇಬ್ಬರೂ ಹೊರಟಾಗ ಮಗಳನ್ನು ಯಾರ ಹತ್ತಿರ ಬಿಡುವುದು? ಮನೆಯಲ್ಲಿ ಮುದುಕಿ ಇದ್ದರೆ ಸರಿ, ಇಲ್ಲದಿದ್ದರೆ ಮಗಳೂ ಲಾರಿ ಹತ್ತುತ್ತಾಳೆ. ಅಲ್ಲಿಗೆ ಅವಳ ಓದು ಮುಗಿಯಿತು. ವಲಸೆ ಹೋಗುವವರ ಮಕ್ಕಳಿಗಾಗಿ ಸರಕಾರ ಸೀಸನಲ್ ಹಾಸ್ಟೆಲುಗಳನ್ನು ನಡೆಸುವುದುಂಟು. ಹುಡುಗಿಯರಿಗೆ 2004ರಲ್ಲಿ ಆರಂಭವಾದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳಿವೆ, ಸಮಾಜ ಕಲ್ಯಾಣ ಹಾಸ್ಟೆಲು, ಬಿ.ಸಿ. ಹಾಸ್ಟೆಲುಗಳಿವೆ. ಆ ಮೂರು ತಿಂಗಳು ಅಲ್ಲಿ ಒಂದು ಮಂಚ, ಎರಡು ಹೊತ್ತಿನ ಊಟ, ಜ್ವರ ಬಂದರೆ ಕೇಳುವವರೊಬ್ಬರು ಇದ್ದರೆ ಅವಳು ಪರೀಕ್ಷೆಗೆ ಕೂಡುತ್ತಾಳೆ.

ಹಳೆಯ ವಿದ್ಯಾರ್ಥಿಗಳು ಕೈಜೋಡಿಸಬೇಕಾದದ್ದು ಇಲ್ಲಿ. ಹೇಗೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು, ಹಾಸ್ಟೆಲಿಗೆ ಹೋಗಿ ಕೇಳಿ. ನಿಮ್ಮ ಕಾಲದಲ್ಲಿ ಏನು ಇರಲಿಲ್ಲವೋ ಅದನ್ನೇ ಕೊಡಲು ಮನಸ್ಸು ಎಳೆಯುತ್ತದೆ. ನಿಮಗೆ ಆಗ ಫ್ಯಾನ್ ಇರಲಿಲ್ಲವೆಂದು ನೀವು ಹತ್ತು ಫ್ಯಾನ್ ಹೊತ್ತು ತರುತ್ತೀರಿ. ಅಲ್ಲಿ ಫ್ಯಾನ್ ಆಗಲೇ ಇರುತ್ತದೆ, ಕುಡಿಯುವ ನೀರಿನ ಯಂತ್ರ ಕೆಟ್ಟು ಆರು ತಿಂಗಳಾಗಿರುತ್ತದೆ. ವಾರ್ಡನ್ನರನ್ನು ಒಂದು ಮಾತು, ಅಡುಗೆಯವರನ್ನು ಒಂದು ಮಾತು, ಮಕ್ಕಳನ್ನು ಒಂದು ಮಾತು ಬೇರೆ ಬೇರೆಯಾಗಿ ಕೇಳಿ. ಮೂವರೂ ಹೇಳಿದ್ದು ಒಂದೇ ಆಗಿದ್ದರೆ ಅದನ್ನೇ ಮೊದಲು ಮಾಡಿ.

ಸರಕಾರಿ ಹಾಸ್ಟೆಲಿಗೆ ನಗದು ಕೊಡಬೇಡಿ. ವಸ್ತುವನ್ನೇ ಕೊಡಿ, ಅದನ್ನು ಸ್ಟಾಕ್ ರಿಜಿಸ್ಟರಿನಲ್ಲಿ ಬರೆಸಿ ಸಹಿ ಪಡೆಯಿರಿ. ಇದು ಅಪನಂಬಿಕೆಯ ಮಾತಲ್ಲ. ವಾರ್ಡನ್ನರಿಗೆ ವರ್ಗವಾದಾಗ ಸಾಮಾನು ಹಾಸ್ಟೆಲಿನಲ್ಲೇ ಉಳಿಯಲು, ಒಳ್ಳೆಯ ವಾರ್ಡನ್ನರ ಹೆಸರೂ ಉಳಿಯಲು ಇದೇ ದಾರಿ. ಇನ್ನೊಂದು ಮಾತು. ಸರಕಾರ ಕೊಡಲೇಬೇಕಾದ ಅಕ್ಕಿ, ಹಾಸಿಗೆ, ಸಮವಸ್ತ್ರ ಬಾರದಿದ್ದರೆ ನೀವು ದುಡ್ಡು ಹಾಕಿ ತುಂಬಿಸಿ ಸುಮ್ಮನಾಗಬೇಡಿ. ಆಗ ಮೇಲಿನವರಿಗೆ ಕೊರತೆ ಕಾಣುವುದೇ ಇಲ್ಲ. ಅರ್ಜಿ ಬರೆಯಿರಿ, ಕೂಡಿ ಸಹಿ ಹಾಕಿ, ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕಿನ ಕಾನೂನಿನಲ್ಲಿ ಕೇಳಿ. ಒಳಗಿರುವ ಹುಡುಗ ಇದನ್ನು ಕೇಳಲಾರ, ಅವನಿಗೆ ಅಂಜಿಕೆ. ಅಲ್ಲೇ ಉಂಡು ಹೊರಗೆ ಬಂದ ನೀವು ಕೇಳಬಲ್ಲಿರಿ. ನನ್ನನ್ನು ಕೇಳಿದರೆ, ಹಳೆಯ ವಿದ್ಯಾರ್ಥಿಯ ಕೊಡುಗೆಗಳಲ್ಲಿ ಇದು ಹಣಕ್ಕಿಂತ ಮೇಲು.

ಖಾಸಗಿ ಸಂಘಗಳು, ಮಠಗಳು ನಡೆಸುವ ನಿಲಯವಾದರೆ ಮೂಲಧನದ ದಾರಿ ಒಳ್ಳೆಯದು. ನಲವತ್ತು ಜನ ಗೆಳೆಯರು ತಲಾ 5,000 ರೂಪಾಯಿ ಹಾಕಿದರೆ 2,00,000 ಆಗುತ್ತದೆ. ಬ್ಯಾಂಕಿನ ಬಡ್ಡಿ ನೂರಕ್ಕೆ 7 ಎಂದಿಟ್ಟುಕೊಳ್ಳಿ, ವರ್ಷಕ್ಕೆ 14,000. ಅದರಲ್ಲಿ 4,000ವನ್ನು ಮತ್ತೆ ಮೂಲಧನಕ್ಕೆ ಸೇರಿಸಿ, 10,000ವನ್ನು ಖರ್ಚಿಗೆ ತೆಗೆಯಿರಿ. ಹಾಗೆ ಸೇರಿಸದಿದ್ದರೆ ಸಾಮಾನಿನ ಬೆಲೆ ಏರಿ ಹತ್ತು ವರ್ಷದಲ್ಲಿ ನಿಮ್ಮ 14,000ದ ಕಿಮ್ಮತ್ತು ಬಹಳ ಇಳಿದಿರುತ್ತದೆ. ಹತ್ತು ಸಾವಿರದಲ್ಲಿ ಏನಾದೀತು ಎನ್ನಬೇಡಿ. ಪರೀಕ್ಷೆಯ ಫೀಸು ಕಟ್ಟಲಾಗದೆ ನಿಂತ ನಾಲ್ಕು ಮಕ್ಕಳಿಗೆ, ಊರಿಗೆ ಹೋಗಿಬರುವ ಬಸ್ಸಿನ ದುಡ್ಡಿಲ್ಲದ ಇಬ್ಬರಿಗೆ ಅದು ಸಾಕು. ಕಮಾನಿಗೆ ಹಾಕಿದ 2,00,000 ಒಂದೇ ದಿನದ ಫೋಟೋ. ಬ್ಯಾಂಕಿಗೆ ಹಾಕಿದ್ದು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಫೀಸು ಕಟ್ಟುತ್ತದೆ.

ಹಣ ಕೂಡಿಸಿದ ಮೇಲೆ ಸ್ನೇಹ ಕೆಡುವುದು ಲೆಕ್ಕದಿಂದ. ಆದ್ದರಿಂದ ಸಂಘವನ್ನು ನೋಂದಾಯಿಸಿ. ಆಂಧ್ರದಲ್ಲಿ 2001ರ ಸೊಸೈಟಿ ಕಾನೂನು, ಕರ್ನಾಟಕದಲ್ಲಿ 1960ರದು, ಎರಡರಲ್ಲೂ ಏಳು ಜನ ಸದಸ್ಯರಿದ್ದರೆ ಸಾಕು. ಬ್ಯಾಂಕ್ ಖಾತೆಗೆ ಇಬ್ಬರ ಸಹಿ ಇರಲಿ, ಅವರಲ್ಲಿ ಒಬ್ಬರು ಊರಲ್ಲೇ ಇರುವವರಾಗಿರಲಿ. ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಕೂತವರು ಇಬ್ಬರೇ ಸಹಿಯವರಾದರೆ ಹುಡುಗನ ಫೀಸಿನ ಕೊನೆಯ ದಿನ ಮೀರಿಹೋಗುತ್ತದೆ. ವರ್ಷಕ್ಕೊಮ್ಮೆ ನಡೆಯುವ ಸಮ್ಮೇಳನ ಇದೆಯಲ್ಲ, ಅಲ್ಲಿ ಶಾಲು ಹೊದಿಸುವ ಮುಂಚೆ ಹತ್ತು ನಿಮಿಷ ಲೆಕ್ಕ ಓದಿ. ತೆಲುಗಿನಲ್ಲೂ ಓದಿ, ಕನ್ನಡದಲ್ಲೂ ಓದಿ.

ಸಂಸ್ಥೆಗೆ ಆದಾಯ ತೆರಿಗೆ ಇಲಾಖೆಯ ಮನ್ನಣೆ ಇದ್ದರೆ ದಾನಿಗಳಿಗೆ ರಿಯಾಯಿತಿ ಸಿಗಬಹುದು. ಆದರೆ 2,000ಕ್ಕಿಂತ ಹೆಚ್ಚಿನದನ್ನು ನಗದಾಗಿ ಕೊಟ್ಟರೆ ಅದಿಲ್ಲ. ಈಗ ನಮ್ಮ ಹಳ್ಳಿಗಳ ಮಕ್ಕಳೂ ಅಮೆರಿಕ, ಆಸ್ಟ್ರೇಲಿಯಾ ಎಂದು ಹೋಗಿದ್ದಾರೆ. ಅವರಿನ್ನೂ ಭಾರತದ ಪಾಸ್‌ಪೋರ್ಟಿನವರಾಗಿದ್ದು, ತಮ್ಮ ಸ್ವಂತ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶೀ ದೇಣಿಗೆ ಎನಿಸುವುದಿಲ್ಲ. ಅಲ್ಲಿಯ ಪೌರತ್ವ ಪಡೆದವರಾದರೆ ಮಾತು ಬೇರೆ. ಅವರಿಂದ ಹಣ ಪಡೆಯಲು ಸಂಸ್ಥೆಗೆ ಕೇಂದ್ರ ಸರಕಾರದ ಪ್ರತ್ಯೇಕ ನೋಂದಣಿ ಬೇಕು. "ನಮ್ಮ ಹುಡುಗನೇ ಅಲ್ಲವೇ" ಎಂದು ತೆಗೆದುಕೊಂಡರೆ ಸಂಸ್ಥೆ ತೊಂದರೆಗೆ ಸಿಕ್ಕುತ್ತದೆ.

ದುಡ್ಡೇ ಇಲ್ಲದವರು ಏನು ಮಾಡಬೇಕು? ರೈತರಾದರೆ ಜೋಳವಿದೆ. ಒಬ್ಬ ಹುಡುಗ ದಿನಕ್ಕೆ ಅರ್ಧ ಕಿಲೋ ಧಾನ್ಯ ಉಣ್ಣುತ್ತಾನೆಂದರೆ ಗುಂಟೂರಿಗೆ ಹೋದವರ ಮಗನಿಗೆ ಮೂರು ತಿಂಗಳಿಗೆ 45 ಕಿಲೋ, ಅರ್ಧ ಚೀಲವೂ ಆಗುವುದಿಲ್ಲ. ಊರಲ್ಲೇ ಅಂಗಡಿ ಇಟ್ಟುಕೊಂಡವರು, ಮೇಷ್ಟರಾದವರು, ಬಸ್ಸಿನ ಕಂಡಕ್ಟರಾದವರು ಆ ಮೂರು ತಿಂಗಳು ಒಬ್ಬಿಬ್ಬರು ಮಕ್ಕಳಿಗೆ ಊರಿನ ಹಿರಿಯರಾಗಿ ನಿಲ್ಲಬಹುದು. ವಾರ್ಡನ್ನರ ಹತ್ತಿರ ನಿಮ್ಮ ಫೋನ್ ನಂಬರು ಇರಲಿ. ಮಗುವಿಗೆ ಜ್ವರ ಬಂದರೆ ಆಸ್ಪತ್ರೆಗೆ ಕರೆದೊಯ್ದು, ಗುಂಟೂರಿನ ತೋಟದಲ್ಲಿರುವ ಅವ್ವನಿಗೆ ಫೋನ್ ಮಾಡಿಸಿಕೊಡಿ. ಹುಡುಗಿಯರ ಹಾಸ್ಟೆಲಿಗೆ ಈ ಕೆಲಸಕ್ಕೆ ಅಲ್ಲೇ ಓದಿದ ಹೆಣ್ಣುಮಕ್ಕಳೇ ಹೋಗಬೇಕು. ಮದುವೆಯಾಗಿ ಬೇರೆ ಊರಿಗೆ ಹೋದರೆಂದು ಅವರನ್ನು ಹಳೆಯ ವಿದ್ಯಾರ್ಥಿಗಳ ಪಟ್ಟಿಯಿಂದಲೇ ಬಿಡುತ್ತಾರೆ, ಅದು ತಪ್ಪು. ಬಳ್ಳಾರಿಗೋ ಆದೋನಿಗೋ ಕೊಟ್ಟ ಅಕ್ಕತಂಗಿಯರಿಗೆ ಒಂದು ಮಾತು ತಿಳಿಸಿದರೆ ಸಾಕು, ಬರುತ್ತಾರೆ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ವಿಶೇಷವಾಗಿ ಒಂದು ವಿನಂತಿ. ಆಂಧ್ರದಲ್ಲಿ ಕನ್ನಡದಲ್ಲಿ ಹತ್ತನೆಯ ತರಗತಿ ಬರೆಯುವವರು ಕಡಿಮೆ. ಕಡಿಮೆ ಜನಕ್ಕಾಗಿ ಯಾವ ಅಂಗಡಿಯವರೂ ಗೈಡು ತರಿಸುವುದಿಲ್ಲ. ನಿಮ್ಮ ಮನೆಯ ಟ್ರಂಕಿನಲ್ಲಿರುವ ಹಳೆಯ ಪ್ರಶ್ನೆಪತ್ರಿಕೆ, ನೋಟ್ಸು, ಗಣಿತ ವಿಜ್ಞಾನದ ಪದಗಳನ್ನು ಕನ್ನಡ ತೆಲುಗು ಇಂಗ್ಲಿಷ್ ಮೂರರಲ್ಲೂ ಬರೆದಿಟ್ಟ ಪುಸ್ತಕ ನಿಮಗೆ ರದ್ದಿ, ಅವರಿಗೆ ಚಿನ್ನ. ಹತ್ತು ಮುಗಿದ ಮೇಲೆ ಕನ್ನಡದಿಂದ ಇಂಗ್ಲಿಷಿಗೋ ತೆಲುಗಿಗೋ ಹೇಗೆ ದಾಟಿದಿರಿ, ಬಳ್ಳಾರಿಯ ಕಾಲೇಜಿಗೆ ಯಾವ ತಹಶೀಲ್ದಾರರ ಯಾವ ಪತ್ರ ಕೇಳಿದರು ಎಂಬುದನ್ನು ಒಂದು ಭಾನುವಾರ ಕೂತು ಹೇಳಿದರೆ ಮಕ್ಕಳು ಅಲೆಯುವುದು ತಪ್ಪುತ್ತದೆ. ಕನ್ನಡದ ಕೆಲಸಕ್ಕೆ ನೆರವಾಗಲು ಕರ್ನಾಟಕದಲ್ಲಿ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವೂ ಇದೆ. ನೋಂದಾಯಿತ ಸಂಘ, ಚೊಕ್ಕ ಲೆಕ್ಕ ಇದ್ದವರು ಅಲ್ಲಿ ವಿಚಾರಿಸಬಹುದು.

ಕೊನೆಯಲ್ಲಿ ಒಂದು ಕಹಿ ಮಾತನ್ನೂ ಹೇಳಬೇಕು. ನಮ್ಮ ಹಳೆಯ ನಿಲಯಗಳಲ್ಲಿ ಬಹಳಷ್ಟು ಜಾತಿಯ ಹೆಸರಿನಲ್ಲಿ ಹುಟ್ಟಿದವು. ಅಂದಿಗೆ ಅದು ಅಗತ್ಯವಾಗಿತ್ತು, ಅದನ್ನು ಇಂದು ಕೂತು ಆಡಿಕೊಳ್ಳುವುದು ಸುಲಭ. ಆದರೆ ಮೂಲಧನ ಕೂಡಿಸುವಾಗ "ನಮ್ಮವರಿಗೆ ಮಾತ್ರ" ಎಂದು ಬರೆಯುವ ಮುನ್ನ ಒಂದು ಗಳಿಗೆ ನಿಲ್ಲಿ. ಒಂದೇ ಸಮುದಾಯಕ್ಕೆಂದು ತೆರೆದ ನಿಲಯದಲ್ಲಿ ಇದ್ದು ಓದಿದ ಶಿವಣ್ಣನವರೇ ಮುಂದೆ ಜಾತಿ ಕೇಳದೆ ಎಡೆ ಹಾಕಿದರಲ್ಲವೇ? ಹಾಗೆಯೇ ಹಳಬರು ಹಾಸ್ಟೆಲಿಗೆ ಹೋದಾಗ ತಮ್ಮ ಕಾಲದ ರ‍್ಯಾಗಿಂಗಿನ ಕಥೆಗಳನ್ನು ನಗುತ್ತ ಹೇಳುವುದನ್ನು ಬಿಡಬೇಕು. ಆಂಧ್ರದಲ್ಲಿ 1997ರಿಂದ ಅದು ಕಾನೂನಿನ ಪ್ರಕಾರ ಅಪರಾಧ. ಕೇಳಿದ ಹುಡುಗರು ಅದನ್ನು ಸಂಪ್ರದಾಯವೆಂದುಕೊಳ್ಳುತ್ತಾರೆ.

ಹೋಗಿ ನೋಡಬೇಕೆಂದಿರುವವರಿಗೆ ಸಮಯದ ಬಗ್ಗೆ ಒಂದು ಸೂಚನೆ. ಕರ್ನಾಟಕದಲ್ಲಿ ಶಾಲೆಗಳು ಮೇ ಕೊನೆ ಅಥವಾ ಜೂನ್ ಮೊದಲಲ್ಲೇ ತೆರೆಯುತ್ತವೆ, ಆಂಧ್ರದಲ್ಲಿ ಸಾಮಾನ್ಯವಾಗಿ ಜೂನ್ 12ರ ಹೊತ್ತಿಗೆ. ಹಾಸ್ಟೆಲಿನ ಸೀಟಿನ ಪಟ್ಟಿ ತಯಾರಾಗುವುದೂ ಆಗಲೇ. ಬಳ್ಳಾರಿಯ ನಿಲಯದಲ್ಲಿ ಓದಿದವರು ಮೇ ತಿಂಗಳಲ್ಲೇ ಅಲ್ಲಿಗೊಮ್ಮೆ ಹೋಗಿಬನ್ನಿ, ಆಲೂರು ಆದೋನಿಯವರು ಜೂನ್ ಮೊದಲ ವಾರ ಹೋಗಿ. ವಲಸೆಯ ಮಕ್ಕಳಿಗೆ ನೆರವಾಗಬೇಕೆಂದಿರುವವರು ದೀಪಾವಳಿ ಮುಗಿದ ಕೂಡಲೇ ವಾರ್ಡನ್ನರನ್ನು ಕಂಡು, ಯಾವ ಯಾವ ಮಕ್ಕಳ ಮನೆಯವರು ಹೊರಡಲಿದ್ದಾರೆ ಎಂಬ ಪಟ್ಟಿ ಕೇಳಿ. ಲಾರಿಗಳು ಬರುವುದು ಅದಾದ ಮೇಲೆ.